ಶರ್ಲಿಯಿಂದ ಫೇವರೆಗೆ: ಕ್ಯಾಂಟನೀಸ್ ಪಾಪ್‌ನಲ್ಲಿ ಎಂಟು ವರ್ಷ

1992ರಲ್ಲಿ ಹಾಂಗ್‌ಕಾಂಗ್‌ನ ಸಿನಿಪಾಲಿ ಎಂಬ ಸಂಗೀತ ಕಂಪನಿ ‘ಕಮಿಂಗ್ ಹೋಮ್’ ಆಲ್ಬಂ ತಂದಾಗ ಹೊದಿಕೆಯ ಮೇಲೆ ಗಾಯಕಿ ಫೇ ವಾಂಗ್ ಅವರ ಇಂಗ್ಲಿಷ್ ಹೆಸರು ಬದಲಾಗಿತ್ತು. ಹಿಂದಿನ ಮೂರು ಆಲ್ಬಂಗಳಲ್ಲಿ ಶರ್ಲಿ ಆಗಿದ್ದವರು ಇಲ್ಲಿ ಫೇ. ಚೀನೀ ಲಿಪಿಯಲ್ಲಿ ಮಾತ್ರ ಕಂಪನಿಯೇ ಇಟ್ಟಿದ್ದ ‘ವಾಂಗ್ ಜಿಂಗ್‌ವೆನ್’ ಎಂಬ ಹೆಸರು ಹಾಗೇ ಉಳಿದಿತ್ತು. ಅದು ಹೋಗಿ ಸ್ವಂತ ಹೆಸರಾದ ‘ವಾಂಗ್ ಫೇ’ ಬರಲು ಇನ್ನೆರಡು ವರ್ಷ ಹಿಡಿಯಿತು. ಫೇ ವಾಂಗ್ ಅವರ ವೃತ್ತಿಯ ಕಥೆಯನ್ನು ಸಾಮಾನ್ಯವಾಗಿ ‘ಹಟಮಾರಿ ಕಲಾವಿದೆ ಮಾರುಕಟ್ಟೆಯನ್ನು ಗೆದ್ದರು’ ಎಂದು ಹೇಳುತ್ತಾರೆ. ಆಲ್ಬಂಗಳನ್ನು ಸಾಲಾಗಿ ಇಟ್ಟು ನೋಡಿದರೆ ಕಾಣುವುದು ಬೇರೆ. ಕಂಪನಿಗೆ ಬೇಕಾದ ಹಾಡನ್ನು ಮೊದಲು ಹಾಡಿಕೊಟ್ಟು, ಅದರ ಬಲದ ಮೇಲೆ ತಮಗೆ ಬೇಕಾದುದಕ್ಕೆ ಜಾಗ ಮಾಡಿಕೊಂಡವರು ಅವರು. ಆ ಜಾಗ ಎಷ್ಟು ದೊಡ್ಡದಾಗಬಹುದು ಎಂಬುದನ್ನು ಕೊನೆಗೂ ತೀರ್ಮಾನಿಸಿದ್ದು ಕಂಪನಿಗಿಂತ ಹೆಚ್ಚಾಗಿ ಹಾಂಗ್‌ಕಾಂಗ್ ಜನ ಆಡುವ ಕ್ಯಾಂಟನೀಸ್ ಭಾಷೆ.

ಮೊದಲ ಮೂರು ಆಲ್ಬಂಗಳು

ಫೇ 1969ರ ಆಗಸ್ಟ್ 8ರಂದು ಬೀಜಿಂಗ್‌ನಲ್ಲಿ ಹುಟ್ಟಿದರು. ತಾಯಿ ಗಾಯಕಿ, ತಂದೆ ಗಣಿ ಎಂಜಿನಿಯರ್. ಶಾಲೆಯಲ್ಲಿದ್ದಾಗಲೇ ತೈವಾನ್‌ನ ಗಾಯಕಿ ತೆರೆಸಾ ತೆಂಗ್ ಮುಂತಾದವರ ಹಾಡುಗಳನ್ನು ಮರುಹಾಡಿದ ಕ್ಯಾಸೆಟ್‌ಗಳು ಚೀನಾದಲ್ಲಿ ಬಂದಿದ್ದವು. 1987ರಲ್ಲಿ ಕುಟುಂಬದ ಜತೆ ಹಾಂಗ್‌ಕಾಂಗ್‌ಗೆ ಬಂದಾಗ ಕ್ಯಾಂಟನೀಸ್ ಅವರಿಗೆ ಹೊಸ ಭಾಷೆ. ಅಲ್ಲಿ ಸಂಗೀತ ಕಲಿಸಿದ್ದು ತಾಯ್ ಸೀ-ಚುಂಗ್. ಹೆಸರಾಂತ ಗಾಯಕರಾದ ಅನಿತಾ ಮುಯ್, ಆಂಡಿ ಲಾವ್ ಅವರೂ ಇವರ ಬಳಿಯೇ ಪಳಗಿದವರು. 1989ರಲ್ಲಿ ಸಿನಿಪಾಲಿ ಒಪ್ಪಂದವಾಯಿತು.

‘ವಾಂಗ್ ಫೇ’ ಎಂಬ ಹೆಸರಿನಲ್ಲಿ ಚೀನಾದ ಮುಖ್ಯಭೂಮಿಯ ವಾಸನೆ ಹೊಡೆಯುತ್ತದೆ ಎಂಬುದು ಕಂಪನಿಯ ಅಳುಕು. ಆ ಕಾಲದ ಹಾಂಗ್‌ಕಾಂಗ್‌ನಲ್ಲಿ ಗಡಿಯಾಚೆಯಿಂದ ಬಂದವರೆಂದರೆ ಹಳ್ಳಿಗುಗ್ಗುಗಳು ಎಂಬ ತಾತ್ಸಾರ ದಂಡಿಯಾಗಿತ್ತು. ಹೆಸರು, ಕೂದಲು, ಬಟ್ಟೆ ಎಲ್ಲವನ್ನೂ ಬದಲಿಸಿ ಇನ್ನೊಬ್ಬ ಹಾಂಗ್‌ಕಾಂಗ್ ಹುಡುಗಿಯ ಹಾಗೆ ಮುಂದಿಟ್ಟರು. ಮೊದಲ ಆಲ್ಬಂ 30 ಸಾವಿರ ಪ್ರತಿ ದಾಟಿತು. ಆಗಿನ ಲೆಕ್ಕದಲ್ಲಿ 25 ಸಾವಿರಕ್ಕೆ ಗೋಲ್ಡ್, 50 ಸಾವಿರಕ್ಕೆ ಪ್ಲಾಟಿನಂ. ಹೊಸಬರಿಗೆ ಇದು ತೆಗೆದುಹಾಕುವಂಥ ಸಂಖ್ಯೆಯಲ್ಲ. 1990ರ ಎರಡು ಆಲ್ಬಂಗಳು ಅಷ್ಟೂ ಓಡಲಿಲ್ಲ.

ತಪ್ಪಿದ್ದೆಲ್ಲಿ? ಧ್ವನಿಯಲ್ಲಂತೂ ಅಲ್ಲ. ಆ ಆಲ್ಬಂಗಳ ತುಂಬ ಅಮೆರಿಕ, ಜಪಾನ್‌ಗಳ ಹಾಡುಗಳ ಕವರ್‌ಗಳು, ಅಂದರೆ ಬೇರೆಯವರ ಹಾಡಿನ ಮರುರೂಪಗಳು. ಕವರ್ ಎಂಬುದೇ ದೋಷವಲ್ಲ, ಅಂದಿನ ಉದ್ಯಮ ನಿಂತಿದ್ದೇ ಅದರ ಮೇಲೆ. ವರ್ಷಕ್ಕೆ ಎರಡು-ಮೂರು ಆಲ್ಬಂ ಕೊಡಬೇಕಾದ ಗಾಯಕರು ಹತ್ತಾರು, ಊರಿನಲ್ಲಿದ್ದ ಸಂಗೀತ ಸಂಯೋಜಕರು ಬೆರಳೆಣಿಕೆ. ಬೇರೆಡೆ ಗೆದ್ದ ಟ್ಯೂನ್‌ಗೆ ಅನುಮತಿ ಪಡೆದು ಕ್ಯಾಂಟನೀಸ್ ಸಾಹಿತ್ಯ ಬರೆಸಿದರೆ ಸಮಯವೂ ಉಳಿಯುತ್ತದೆ, ಟ್ಯೂನ್ ಓಡುತ್ತದೋ ಇಲ್ಲವೋ ಎಂಬ ಚಿಂತೆಯೂ ಇಲ್ಲ. ಆದರೆ ಅದೇ ಬಗೆಯ ಹಾಡುಗಳನ್ನು ಅದೇ ಬಗೆಯಲ್ಲಿ ಹಾಡುವ ಹೆಸರಾಂತ ಗಾಯಕಿಯರು ಆಗಲೇ ಇದ್ದರು. ಅವರನ್ನು ಬಿಟ್ಟು ಶರ್ಲಿಯನ್ನೇ ಕೊಳ್ಳಲು ಕೇಳುಗರಿಗೆ ಕಾರಣವಿರಲಿಲ್ಲ. ಹೆಸರು ಬದಲಿಸಿ ಗುರುತು ಮುಚ್ಚಿದ ಕಂಪನಿ, ಗುರುತಿಸುವಂಥದ್ದೇನನ್ನೂ ಉಳಿಸಿರಲಿಲ್ಲ.

1991ರಲ್ಲಿ ಅವರು ಕೆಲಸ ನಿಲ್ಲಿಸಿ ನ್ಯೂಯಾರ್ಕ್‌ಗೆ ಹೋದರು.

ಮಟ್ಟಿಗೆ ಮಾತು ಕೂರಿಸುವುದು

ಮುಂದಿನದು ಅರ್ಥವಾಗಬೇಕಾದರೆ ಕ್ಯಾಂಟನೀಸ್ ಹಾಡು ಬರೆಯುವ ಬಗೆ ಗೊತ್ತಿರಬೇಕು. ಕನ್ನಡ ಸಿನಿಮಾದ ಹಾಡಿನಂತೆ ಅಲ್ಲಿಯೂ ಸಾಮಾನ್ಯವಾಗಿ ಟ್ಯೂನ್ ಮೊದಲು, ಸಾಹಿತ್ಯ ಆಮೇಲೆ. ನಮ್ಮ ಸಾಹಿತಿ ಮಾತ್ರೆ ಎಣಿಸಿ ಕೂರಿಸುತ್ತಾರೆ. ‘ಮನ’ವನ್ನು ಎಳೆದು ಹಾಡಿದರೆ ‘ಮಾನ’ ಎಂದು ಕೇಳಿಸಬಹುದು, ಆದರೂ ಕೇಳುಗ ಸಂದರ್ಭ ನೋಡಿ ಸರಿಮಾಡಿಕೊಳ್ಳುತ್ತಾನೆ. ಕ್ಯಾಂಟನೀಸ್‌ನಲ್ಲಿ ತೊಡಕು ಎಳೆತದ್ದಲ್ಲ, ಎತ್ತರದ್ದು. ಆ ಭಾಷೆಯಲ್ಲಿ ಆರು ಟೋನ್‌ಗಳಿವೆ, ಅಂದರೆ ಪದದ ಅರ್ಥವನ್ನೇ ಬದಲಿಸುವ ದನಿಯ ಏರಿಳಿತಗಳು. ‘ಸಿ’ ಎಂಬ ಒಂದೇ ಉಚ್ಚಾರ, ಒಂದನೆಯ ಟೋನ್‌ನಲ್ಲಿ ಕವಿತೆ, ಎರಡನೆಯದರಲ್ಲಿ ಇತಿಹಾಸ, ಮೂರರಲ್ಲಿ ಪ್ರಯತ್ನಿಸು, ನಾಲ್ಕರಲ್ಲಿ ಕಾಲ, ಐದರಲ್ಲಿ ಪೇಟೆ, ಆರರಲ್ಲಿ ವಿಷಯ. ಹಾಡಿನ ಸ್ವರ ಮೇಲೆ ಹೋಗುವಲ್ಲಿ ತಗ್ಗಿನ ಟೋನ್‌ನ ಮಾತು ಬಂದರೆ ಕಿವಿಗೆ ಬೀಳುವುದು ಬೇರೆಯೇ ಪದ. ಇಂಗ್ಲಿಷ್ ಟ್ಯೂನ್‌ಗಳಿಗೆ ಹಳೆಯ ಕಾಲದಲ್ಲಿ ಅನುವಾದವಾದ ಕ್ರೈಸ್ತ ಕೀರ್ತನೆಗಳ ಬಗ್ಗೆ ಹಾಂಗ್‌ಕಾಂಗ್‌ನಲ್ಲಿ ಒಂದು ನಗೆಮಾತಿದೆ: ಸ್ವರ ತುಸು ಮೇಲಾದರೆ ‘ಪ್ರಭು’ ಹೋಗಿ ‘ಹಂದಿ’ ಆಗುತ್ತಾನೆ. ಎರಡೂ ‘ಜ್ಯು’, ಟೋನ್ ಮಾತ್ರ ಬೇರೆ.

ಇದಕ್ಕೆ ಸಾಹಿತಿಗಳು ಕಂಡುಕೊಂಡ ಕೈಮದ್ದು 0-2-4-3 ಎಂಬ ಅಂಕಿಗಳು. ಕ್ಯಾಂಟನೀಸ್‌ನಲ್ಲಿ ಸೊನ್ನೆ ‘ಲಿಂಗ್’, ಎರಡು ‘ಯೀ’, ನಾಲ್ಕು ‘ಸೇಯ್’, ಮೂರು ‘ಸಾಮ್’. ಇವು ನಾಲ್ಕನ್ನೂ ಇದೇ ಸಾಲಿನಲ್ಲಿ ಸುಮ್ಮನೆ ಮಾತಾಡಿದರೂ ದನಿ ತಗ್ಗಿನಿಂದ ಮೆಟ್ಟಿಲೇರಿದಂತೆ ಏರುತ್ತದೆ. ಹಾಗಾಗಿ ಡೆಮೊ ಕ್ಯಾಸೆಟ್ ಕೈಗೆ ಬಂದ ಕೂಡಲೇ ಸಾಹಿತಿ ಮೊದಲು ಪದ ಹುಡುಕುವುದಿಲ್ಲ. ಸಾಲು ಸಾಲಾಗಿ ಟ್ಯೂನ್ ಗುನುಗುತ್ತ, ಯಾವ ಸ್ವರಕ್ಕೆ ಯಾವ ಅಂಕಿ ಸಹಜವಾಗಿ ಬಾಯಿಗೆ ಬರುತ್ತದೋ ಅದನ್ನು ಬರೆದುಕೊಳ್ಳುತ್ತಾರೆ. ಆಮೇಲೆ ಪಲ್ಲವಿಯ ಮುಖ್ಯ ಜಾಗ ಹಿಡಿದು, ಅಲ್ಲಿನ ಅಂಕಿಗಳಿಗೆ ಸರಿಹೊಂದುವ ನಾಲ್ಕೈದು ಅಕ್ಷರಗಳ ನುಡಿಗಟ್ಟು ಹುಡುಕುತ್ತಾರೆ. ಹಾಡಿನ ಹೆಸರು ಹೆಚ್ಚಾಗಿ ಹುಟ್ಟುವುದು ಅಲ್ಲಿಂದಲೇ. ಉಳಿದ ಸಾಲುಗಳನ್ನು ಅದರ ಸುತ್ತ ಕಟ್ಟುತ್ತಾರೆ, ಪ್ರಾಸವನ್ನೂ ಕಾಯುತ್ತಾರೆ. ಇನ್ನೂ ಸೂಕ್ಷ್ಮ ಬೇಕೆನ್ನುವವರು ಎರಡನೆಯ ಟೋನ್‌ಗೆಂದು 9 ಅನ್ನೂ ಸೇರಿಸುತ್ತಾರೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಬಹುದು. 1993ರ ಫೆಬ್ರವರಿಯಲ್ಲಿ ಬಂದ ಫೇ ಆಲ್ಬಂನ ಹೆಸರು ನಾಲ್ಕು ಅಕ್ಷರ. ‘ಹಿಡಿದ ಹಟಕ್ಕೆ ಪಶ್ಚಾತ್ತಾಪವಿಲ್ಲ’ ಎಂಬ ಅರ್ಥ. ಕ್ಯಾಂಟನೀಸ್‌ನಲ್ಲಿ ಅದು ‘ಜಪ್ ಮೈ ಬತ್ ಫುಯ್’. ಅಂಕಿಯಲ್ಲಿ 3-0-3-4. ಅಂದರೆ ಈ ಮಾತು ಕೂರಬೇಕಾದರೆ ಟ್ಯೂನ್ ಎತ್ತರದಿಂದ ತಳಕ್ಕೆ ಬಿದ್ದು, ಮತ್ತೆ ಮೇಲೇರಿ, ನಡುವಿಗೆ ಇಳಿಯಬೇಕು. ಬೇರೆ ಆಕಾರದ ಟ್ಯೂನ್ ಇದ್ದರೆ ಮಾತನ್ನೇ ಬಿಡಬೇಕು. ಜತೆಗೆ ‘ಜಪ್’, ‘ಬತ್’ ಎರಡೂ ಬಾಯಿ ಮುಚ್ಚಿ ಮುಗಿಯುವ ಅಕ್ಷರಗಳು. ಅವನ್ನು ಉದ್ದ ಸ್ವರದ ಮೇಲೆ ಇಟ್ಟರೆ ಗಾಯಕಿ ‘ಅ’ಕಾರವನ್ನಷ್ಟೇ ಹಿಡಿದಿಟ್ಟು ಕೊನೆಯ ಗಳಿಗೆಯಲ್ಲಿ ತುಟಿ ಅಥವಾ ನಾಲಿಗೆ ಮುಚ್ಚಬೇಕು. ಬೇಗ ಮುಚ್ಚಿದರೆ ಸ್ವರ ತುಂಡಾಗುತ್ತದೆ, ಮುಚ್ಚದಿದ್ದರೆ ಉಚ್ಚಾರ ಹೊರಗಿನವರದ್ದು ಎಂದು ತಕ್ಷಣ ಗೊತ್ತಾಗುತ್ತದೆ. ಅದೇ ನಾಲ್ಕು ಅಕ್ಷರ ಚೀನಾದ ಅಧಿಕೃತ ಭಾಷೆಯಾದ, ಫೇ ಹುಟ್ಟಿ ಬೆಳೆದ ಬೀಜಿಂಗ್‌ನ ಮ್ಯಾಂಡರಿನ್‌ನಲ್ಲಿ ‘ಜಿ ಮಿ ಬು ಹುಯ್’. ಎಲ್ಲವೂ ತೆರೆದ ಬಾಯಿಯವು. ಬೀಜಿಂಗ್‌ನ ನಾಲಿಗೆಗೆ ಪದದ ಕೊನೆಯ ಪ್, ತ್, ಕ್, ಮ್ ಎಂಬ ಧ್ವನಿಗಳು ಇಲ್ಲವೇ ಇಲ್ಲ. ಹದಿನೆಂಟು ತುಂಬಿದ ಮೇಲೆ ಕಲಿತು ಇವನ್ನು ಹಾಡಿನಲ್ಲಿ ಸಲೀಸಾಗಿ ಆಡುವುದು ಸಣ್ಣ ಸಾಧನೆಯಲ್ಲ. ಅವರ ಬಗ್ಗೆ ಬರೆಯುವವರು ಇದಕ್ಕೆ ಕೊಡುವ ಜಾಗ ತೀರ ಕಡಿಮೆ.

ಆ ಆಲ್ಬಂನ ಶೀರ್ಷಿಕೆ ಹಾಡು ಎರಡೂ ಭಾಷೆಗಳಲ್ಲಿದೆ. ಟ್ಯೂನ್ ತೈವಾನ್‌ನ ಯುವಾನ್ ವೇಯ್‌ರೆನ್ ಅವರದು. ಮ್ಯಾಂಡರಿನ್ ಸಾಹಿತ್ಯವನ್ನು ಬರೆದದ್ದು ಸ್ವತಃ ಫೇ. ಕ್ಯಾಂಟನೀಸ್ ಸಾಹಿತ್ಯಕ್ಕೆ ವೃತ್ತಿಪರ ಸಾಹಿತಿ ಚಾನ್ ಸಿಯು-ಕೇಯ್ ಬೇಕಾದರು. ಮ್ಯಾಂಡರಿನ್ ಹಾಡಿನಲ್ಲಿ ಟೋನ್ ಮತ್ತು ಟ್ಯೂನ್ ಹೊಂದಲೇಬೇಕೆಂಬ ಕಟ್ಟುಪಾಡಿಲ್ಲ. ಡೈರಿ ಬರೆಯುವಷ್ಟು ಭಾಷೆ ಬಂದರೆ ಹಾಡನ್ನೂ ಬರೆಯಲು ಕೂರಬಹುದು. ಕ್ಯಾಂಟನೀಸ್‌ನಲ್ಲಿ ಹಾಗಾಗದು, ಅದು ಕಸುಬು. ಇಡೀ ಪ್ರಕರಣದ ತಿರುಗುಗೂಟ ಇಲ್ಲಿದೆ.

ಬಾಡಿಗೆ ಕಟ್ಟಿದ ಹಾಡು

ಫೇ 1992ರಲ್ಲಿ ಮರಳಿದಾಗ ಮಾರುಕಟ್ಟೆಯಲ್ಲಿ ಒಂದು ಖಾಲಿ ಕುರ್ಚಿಯಿತ್ತು. ಗಾಯಕರ ಕಡೆ ಜಾಕಿ ಚೆಯುಂಗ್, ಆಂಡಿ ಲಾವ್, ಲಿಯಾನ್ ಲಾಯ್, ಆರನ್ ಕ್ವಾಕ್ ಎಂಬ ‘ನಾಲ್ವರು ದಿಕ್ಪಾಲಕರು’ ಕಿಕ್ಕಿರಿದಿದ್ದರು. ಗಾಯಕಿಯರ ಕಡೆ ಅನಿತಾ ಮುಯ್ ವಿದಾಯದ ಕಛೇರಿಗಳನ್ನು ನಡೆಸುತ್ತಿದ್ದರು, ಪ್ರಿಸಿಲ್ಲಾ ಚಾನ್ 1989ರಲ್ಲೇ ಓದಲು ಅಮೆರಿಕಕ್ಕೆ ಹೋಗಿದ್ದರು, ಸ್ಯಾಂಡಿ ಲಾಮ್ ತೈವಾನ್‌ನ ಮ್ಯಾಂಡರಿನ್ ಮಾರುಕಟ್ಟೆಯತ್ತ ವಾಲಿದ್ದರು.

‘ಕಮಿಂಗ್ ಹೋಮ್’ನಲ್ಲಿ ‘ಆರ್ ಆ್ಯಂಡ್ ಬಿ’ ಎಂಬ ಅಮೆರಿಕನ್ ಶೈಲಿಯ ಛಾಯೆಯಿದೆ, ಒಂದು ಇಂಗ್ಲಿಷ್ ಹಾಡೂ ಇದೆ. ಆಲ್ಬಂ ಎತ್ತಿ ನಿಲ್ಲಿಸಿದ್ದು ಅವೆರಡೂ ಅಲ್ಲ. ಜಪಾನ್‌ನ ಮಿಯುಕಿ ನಾಕಾಜಿಮಾ 1970ರ ದಶಕದಲ್ಲಿ ನಾವೋಮಿ ಚಿಯಾಕಿ ಅವರಿಗಾಗಿ ಬರೆದ ಒಂದು ನಿಧಾನಗತಿಯ ಹಾಡಿಗೆ ಪೂನ್ ಯುನ್-ಲಿಯಂಗ್ ಕ್ಯಾಂಟನೀಸ್ ಸಾಹಿತ್ಯ ಬರೆದರು. ಮೂಲದಲ್ಲಿ ತುಟಿಬಣ್ಣದ ಸುತ್ತ ಸುತ್ತುವ ಹಾಡು ಇಲ್ಲಿ ‘ಸುಲಭಕ್ಕೆ ನೋಯುವ ಹೆಣ್ಣು’ ಆಯಿತು. ಅದೇ ವರ್ಷ ಟಿವಿಬಿ ವಾಹಿನಿಯ ಷೇರುಪೇಟೆಯ ಧಾರಾವಾಹಿಯೊಂದರಲ್ಲಿ ಈ ಹಾಡು ಬಳಕೆಯಾಯಿತು. ಊಟದ ಹೊತ್ತಿಗೆ ಟಿವಿ ಹಚ್ಚಿಟ್ಟ ಮನೆಗಳಿಗೆಲ್ಲ ಹಾಡು ತಾನಾಗಿ ಹೋಗಿ ಕೂತಿತು. ಕಂಪನಿ ರೇಡಿಯೊಗೆ ಹಾಡು ಕಳಿಸಿ ಕಾಯುವುದಕ್ಕಿಂತ ಇದು ಎಷ್ಟೋ ಪಾಲು ಗಟ್ಟಿಯಾದ ದಾರಿ. ನಿಧಾನಗತಿ, ಮತ್ತೆ ಮತ್ತೆ ಬರುವ ಪಲ್ಲವಿ, ಎಲ್ಲರ ಗಂಟಲಿಗೂ ದಕ್ಕುವ ಟ್ಯೂನ್. ಆಗ ಏರುಹೊತ್ತಿನಲ್ಲಿದ್ದ ಕ್ಯಾರಿಯೋಕೆ ಕೋಣೆಗಳಿಗೆ ಹೇಳಿ ಮಾಡಿಸಿದ್ದು. ಈ ಟ್ಯೂನ್ ವಿಯೆಟ್ನಾಂ, ಥಾಯ್ಲೆಂಡ್‌ಗಳ ಭಾಷೆಗಳಿಗೂ ಹೋಯಿತು, ಅಲ್ಲಿಯವರಲ್ಲಿ ಅನೇಕರು ಅದನ್ನು ಮೂಲತಃ ಫೇ ಹಾಡೆಂದೇ ತಿಳಿದರು.

ಇದು ‘ಹೊಸ ಫೇ’ ಹಾಡಲ್ಲ ಎಂಬುದನ್ನು ಗಮನಿಸಬೇಕು. ಜಪಾನೀ ಟ್ಯೂನ್, ಕಣ್ಣೀರಿನ ಸಾಹಿತ್ಯ, ಧಾರಾವಾಹಿ: ಹಳೆಯ ಯಂತ್ರದ ಮೂರೂ ಗಾಲಿ ಇದರಲ್ಲಿವೆ. ಶರ್ಲಿಯನ್ನು ಗೆಲ್ಲಿಸಲಾಗದ ಯಂತ್ರವೇ ಫೇಯನ್ನು ಗೆಲ್ಲಿಸಿತು. ತಮಗೆ ಬೇಕಾದ ಜಾಗಕ್ಕೆ ಅವರು ಕಟ್ಟಿದ ಬಾಡಿಗೆ ಈ ಹಾಡು. ವ್ಯತ್ಯಾಸ ಮುಂದಿನ ನಡೆಯಲ್ಲಿತ್ತು. ಬೇರೆಯವರಾಗಿದ್ದರೆ ಅದೇ ಅಚ್ಚಿನ ಇನ್ನೈದು ಹಾಡು ಬರುತ್ತಿದ್ದವು. ಫೇ, ನಿರ್ಮಾಪಕ ಆಲ್ವಿನ್ ಲಿಯಂಗ್ ಜತೆ, ಕವರ್ ಹಾಡುವ ಪದ್ಧತಿಯನ್ನು ಬಿಡದೆ ಕವರ್‌ಗೆ ಆರಿಸುವ ಟ್ಯೂನ್‌ಗಳನ್ನು ಬದಲಿಸಿದರು.

1993ರ ಸೆಪ್ಟೆಂಬರ್‌ನ ಆಲ್ಬಂನಲ್ಲಿ ಅಮೆರಿಕದ ಗಾಯಕಿ ಟೋರಿ ಏಮಸ್ ಅವರ ಹಾಡೊಂದು ‘ಶೀತಲ ಸಮರ’ ಎಂಬ ಹೆಸರಿನಲ್ಲಿ ಕ್ಯಾಂಟನೀಸ್‌ಗೆ ಬಂತು. 1994ರ ‘ಹುಚ್ಚಾಪಟ್ಟೆ ಯೋಚನೆಗಳು’ ಎಂಬರ್ಥದ ಆಲ್ಬಂನಲ್ಲಿ ಸ್ಕಾಟ್ಲೆಂಡ್‌ನ ಕೊಕ್ಟೋ ಟ್ವಿನ್ಸ್ ತಂಡದ ಎರಡು ಹಾಡುಗಳಿದ್ದವು, ಐರ್ಲೆಂಡ್‌ನ ಕ್ರ್ಯಾನ್‌ಬೆರೀಸ್ ತಂಡದ ಒಂದಿತ್ತು. ಕಂಪನಿಯ ಲೆಕ್ಕಪತ್ರದಲ್ಲಿ ಇವೂ ಕವರ್‌ಗಳೇ, ಹಳೆಯ ಕೆಲಸದ ಮುಂದುವರಿಕೆಯೇ. ಕೇಳುಗರಿಗೆ ಮಾತ್ರ ಹಾಂಗ್‌ಕಾಂಗ್‌ನ ಮುಖ್ಯವಾಹಿನಿಯಲ್ಲಿ ಅಂದಿನವರೆಗೆ ಇಲ್ಲದ ನಾದ. ಕೊಕ್ಟೋ ಟ್ವಿನ್ಸ್‌ನ ಎಲಿಜಬೆತ್ ಫ್ರೇಸರ್ ಹಾಡುವಾಗ ಮಾತೇ ಸ್ಪಷ್ಟವಾಗಿ ಕೇಳುವುದಿಲ್ಲ, ದನಿ ಒಂದು ವಾದ್ಯದ ಹಾಗೆ ಹರಿಯುತ್ತದೆ. ಪ್ರತಿ ಅಕ್ಷರಕ್ಕೂ ಎತ್ತರ ನಿಗದಿಯಾದ ಭಾಷೆಯೊಂದಕ್ಕೆ ಅಂಥ ಹಾಡನ್ನು ತರುವ ಕಷ್ಟ ಊಹಿಸಿಕೊಳ್ಳಿ. ಫ್ರೇಸರ್ ಬಿಟ್ಟ ಮಂಜು ಇಲ್ಲಿ ಸ್ವಲ್ಪ ಕರಗಿದೆ ಎಂದು ಹೇಳದೆ ವಿಧಿಯಿಲ್ಲ. ಪದಗಳು ಚೊಕ್ಕವಾಗಿ ಕೇಳುತ್ತವೆ, ಕೇಳಲೇಬೇಕು.

ಆ ಐರಿಷ್ ಹಾಡು ಕ್ಯಾಂಟನೀಸ್‌ನಲ್ಲಿ ‘ಕನಸಿನವನು’ ಎಂದಾಗಿ, ನಿರ್ದೇಶಕ ವಾಂಗ್ ಕಾರ್-ವಾಯ್ ಅವರ 1994ರ ‘ಚುಂಗ್‌ಕಿಂಗ್ ಎಕ್ಸ್‌ಪ್ರೆಸ್’ ಸಿನಿಮಾದಲ್ಲಿ ಕೇಳಿಬಂತು. ತಿಂಡಿ ಅಂಗಡಿಯ ಹುಡುಗಿಯ ಪಾತ್ರದಲ್ಲಿ ನಟಿಸಿದ್ದೂ ಫೇ. ಅದೇ ಟ್ಯೂನ್ ವರ್ಷದ ಕೊನೆಯ ಮ್ಯಾಂಡರಿನ್ ಆಲ್ಬಂನಲ್ಲಿ ‘ಬಿಡಿಸಿಕೊಂಡು ಹೋಗು’ ಎಂಬರ್ಥದ ಬೇರೆಯೇ ಹಾಡಾಗಿದೆ. ಒಂದರಲ್ಲಿ ಕನಸಿನ ಗೆಳೆಯ, ಇನ್ನೊಂದರಲ್ಲಿ ಬಿಡುಗಡೆ. ಅನುವಾದ ಮಾಡುವ ಗೋಜಿಗೆ ಯಾರೂ ಹೋಗಲಿಲ್ಲ, ಕ್ಯಾಂಟನೀಸ್ ಅಂಕಿಗಳು ಅದಕ್ಕೆ ಬಿಡುವುದೂ ಇಲ್ಲ.

1994: ನಾಲ್ಕು ಆಲ್ಬಂ

ಆ ಒಂದೇ ವರ್ಷದಲ್ಲಿ ಎರಡು ಮ್ಯಾಂಡರಿನ್, ಎರಡು ಕ್ಯಾಂಟನೀಸ್ ಆಲ್ಬಂಗಳು ಬಂದವು. ಇದರ ಹಿಂದಿನ ಲೆಕ್ಕ ಸರಳ. ಹಾಂಗ್‌ಕಾಂಗ್‌ನ ಜನಸಂಖ್ಯೆ ಆಗ 60 ಲಕ್ಷದ ಆಸುಪಾಸು. ತೈವಾನ್‌ಗೆ, ಚೀನಾಕ್ಕೆ ಹಾಡು ಮುಟ್ಟಬೇಕಾದರೆ ಮ್ಯಾಂಡರಿನ್ ಬೇಕು. ಬೇರೆ ಹಾಂಗ್‌ಕಾಂಗ್ ಗಾಯಕರು ಮ್ಯಾಂಡರಿನ್ ಉಚ್ಚಾರಕ್ಕೆ ತಿಣುಕುತ್ತಿದ್ದಾಗ, 1989ರಲ್ಲಿ ಮುಚ್ಚಿಟ್ಟಿದ್ದ ಬೀಜಿಂಗ್ ನಾಲಿಗೆಯೇ ಫೇಗೆ ಬಂಡವಾಳವಾಯಿತು. ಮೊದಲ ಮ್ಯಾಂಡರಿನ್ ಆಲ್ಬಂನ ‘ನಾನು ಸಿದ್ಧಳಿದ್ದೇನೆ’ ಎಂಬರ್ಥದ ಪ್ರೇಮಗೀತೆ, ಹ್ವಾಂಗ್ ಗ್ವೋಲುನ್ ಸಂಗೀತ, ಯಾವ್ ಚಿಯೆನ್ ಸಾಹಿತ್ಯ, ಇಂದಿಗೂ ಮದುವೆ ಮನೆಗಳಲ್ಲಿ ಕೇಳುತ್ತದೆ. ಬಾಡಿಗೆ ಕಟ್ಟುವ ಎರಡನೆಯ ಹಾಡು ಅದು. ಚೀನೀ ಲಿಪಿಯಲ್ಲಿ ‘ವಾಂಗ್ ಫೇ’ ಎಂಬ ಹೆಸರು ಮರಳಿದ್ದೂ ಅದೇ ವರ್ಷ.

ಡಿಸೆಂಬರ್‌ನ ಕ್ಯಾಂಟನೀಸ್ ಆಲ್ಬಂನಲ್ಲಿ ಒಂದು ವಿಚಿತ್ರವಿದೆ. ಅದರಲ್ಲಿ ಫೇ ಸ್ವತಃ ಬರೆದ ‘ದಾರಿ’ ಎಂಬರ್ಥದ ಹಾಡು ಇರುವುದು ಮ್ಯಾಂಡರಿನ್‌ನಲ್ಲಿ. ಅರ್ಧ ಮಾತು ಅರ್ಧ ಹಾಡಿನಂತೆ, ತನ್ನ ಗೆಳೆಯನ ಬಗ್ಗೆ, ತನ್ನ ಬಗ್ಗೆ ಗೊಣಗಿಕೊಳ್ಳುವ ಹುಡುಗಿಯ ಸ್ವಗತ. ಕ್ಯಾಂಟನೀಸ್ ಗ್ರಾಹಕರಿಗೆ ಮಾರುವ ಆಲ್ಬಂ ಆದರೂ ತನ್ನ ಮಾತು ಬಂದಾಗ ಭಾಷೆ ತಾನಾಗಿ ಹೊರಳಿದೆ.

ಅದರ ಬೆನ್ನಿಗೇ, ಡಿಸೆಂಬರ್ ಮತ್ತು 1995ರ ಜನವರಿಯಲ್ಲಿ, ಹಂಗ್ ಹೋಮ್‌ನ ಹಾಂಗ್‌ಕಾಂಗ್ ಕೊಲಿಸಿಯಂನಲ್ಲಿ 18 ಕಛೇರಿಗಳು ನಡೆದವು. ಮೊದಲ ಬಾರಿ ಅಲ್ಲಿ ಹಾಡುವ ಗಾಯಕಿಗೆ ಅದು ದಾಖಲೆ. ತಲೆಕೆಳಗಾದ ಪಿರಮಿಡ್‌ನಂಥ ಆ ಕಟ್ಟಡದಲ್ಲಿ ಸುಮಾರು 12,500 ಆಸನಗಳು. ವೇದಿಕೆ ನಡುವೆ, ಜನ ನಾಲ್ಕೂ ಸುತ್ತ. ಎತ್ತ ತಿರುಗಿದರೂ ಯಾರಿಗೋ ಬೆನ್ನು. ಹಾಗಾಗಿ ಹಾಂಗ್‌ಕಾಂಗ್ ಗಾಯಕರು ನಾಲ್ಕೂ ಮೂಲೆಗೆ ಓಡಾಡುತ್ತ, ಕೈಬೀಸುತ್ತ, ಹಾಡುಗಳ ನಡುವೆ ಹರಟೆ ಹೊಡೆಯುತ್ತ ಮೂರು ತಾಸು ತುಂಬುತ್ತಿದ್ದರು. ಫೇ ಹರಟೆಗೆ ಹೋಗಲಿಲ್ಲ. ಹಾಡಿ ಮುಗಿಸಿದರು. ಇದನ್ನು ಸೊಕ್ಕು ಎಂದು ಟೀಕಿಸಿದವರೂ ಇದ್ದರು, ಆ ಸೊಕ್ಕಿಗೇ ಟಿಕೆಟ್ ಕೊಂಡವರೂ ಇದ್ದರು. ಶರ್ಲಿಗೆ ಇರದಿದ್ದ ಗುರುತು ಸಿಕ್ಕಿದ್ದಂತೂ ಹೌದು.

ಹೊರಗೆ ಹೋಗುವ ದಾರಿ

1988ರಲ್ಲೇ ಹಾಂಗ್‌ಕಾಂಗ್‌ನ ಕಮರ್ಷಿಯಲ್ ರೇಡಿಯೊದ ಎರಡನೆಯ ವಾಹಿನಿ ಚೀನೀ ಹಾಡುಗಳನ್ನಷ್ಟೇ ಹಾಕುವ ನಿಯಮ ತಂದಿತ್ತು. 1995ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸ್ವಂತ ಸಂಯೋಜನೆಗಳಿಗೆ ಮಾತ್ರ ಜಾಗ ಎಂದಿತು. ಕವರ್‌ಗಳ ಕಾಲ ಮುಗಿಯುತ್ತಿತ್ತು. ಫೇ ಇದಕ್ಕೆ ಆಗಲೇ ಅಣಿಯಾಗಿದ್ದರು. ಬೀಜಿಂಗ್‌ನ ‘ಕರಿಚಿರತೆ’ ರಾಕ್ ತಂಡದಲ್ಲಿ ಹಾಡುತ್ತಿದ್ದ ದೌ ವೇಯ್, ಸಂಯೋಜಕ ಜಾಂಗ್ ಯಾದೋಂಗ್ ಇವರ ಜತೆ ಕೆಲಸ ಬೆಳೆದಿತ್ತು. 1995ರ ಕೊನೆಯ ‘ಡಿ-ಡಾರ್’ ಕ್ಯಾಂಟನೀಸ್ ಆಲ್ಬಂ ಆ ಪ್ರಯತ್ನದ ತುತ್ತತುದಿ. ಶೀರ್ಷಿಕೆ ಹಾಡಿನಲ್ಲಿ ಆಲ್ಪ್ಸ್ ಕುರಿಗಾಹಿಗಳ ಯೋಡಲ್‌ನಂತೆ ದನಿ ಮುರಿಯುತ್ತದೆ. ಅದರ ಪಕ್ಕದಲ್ಲೇ ಚಾನ್ ಸಿಯು-ಹಾ ಸಂಗೀತದ, ಲಿನ್ ಶಿ ಸಾಹಿತ್ಯದ ‘ಅಸ್ಪಷ್ಟ’ ಎಂಬರ್ಥದ ಹಾಡು, ಕ್ಯಾರಿಯೋಕೆಯವರಿಗೆ.

1996ರ ಮ್ಯಾಂಡರಿನ್ ಆಲ್ಬಂ ‘ಫೂಚಾವ್’, ಅಂದರೆ ಚಡಪಡಿಕೆ, ಬಾಡಿಗೆ ಕಟ್ಟದ ಮೊದಲ ಆಲ್ಬಂ. ಹತ್ತು ಹಾಡುಗಳಲ್ಲಿ ಎರಡನ್ನು ಕೊಕ್ಟೋ ಟ್ವಿನ್ಸ್ ಕೊಟ್ಟರು, ಉಳಿದವುಗಳ ಸಂಯೋಜನೆ ಹೆಚ್ಚುಕಡಿಮೆ ಫೇ ಅವರದೇ. ಮಾತಿಗಿಂತ ಆಲಾಪವೇ ಮುಂದಿರುವ ಹಾಡುಗಳೂ ಇವೆ. ವಿಮರ್ಶಕರು ತಲೆಯ ಮೇಲೆ ಹೊತ್ತರು, ಹಾಂಗ್‌ಕಾಂಗ್ ಮತ್ತು ತೈವಾನ್‌ನ ಅಂಗಡಿಗಳಲ್ಲಿ ಹಿಂದಿನಷ್ಟು ಬೇಡಿಕೆ ಬರಲಿಲ್ಲ. ಇಂಥ ಆಲ್ಬಂ ಕ್ಯಾಂಟನೀಸ್‌ನಲ್ಲಿ ಆಗುತ್ತಿತ್ತೇ? ನಮ್ಮ ಅಭಿಪ್ರಾಯದಲ್ಲಿ ಇಲ್ಲ. ಕಂಪನಿ ಒಪ್ಪಿದ್ದರೂ ಆಗುತ್ತಿರಲಿಲ್ಲ. ಬಾಯಿಗೆ ಬಂದದ್ದನ್ನು ಬಾಯಿಗೆ ಬಂದ ಸ್ವರದಲ್ಲಿ ಬರೆಯುವುದು ಆ ಭಾಷೆಯಲ್ಲಿ ಹುಟ್ಟಿ ಬೆಳೆದವರಿಗೇ ಕಷ್ಟ. ಕ್ಯಾಂಟನೀಸ್‌ನಲ್ಲಿ ಫೇ ಒಳ್ಳೆಯ ಗಾಯಕಿಯಾಗಿ ಉಳಿಯಬಹುದಿತ್ತು, ಬರಹಗಾರ್ತಿಯಾಗಲು ಮ್ಯಾಂಡರಿನ್‌ಗೇ ಹೋಗಬೇಕಿತ್ತು.

1997ರ ಆರಂಭದಲ್ಲಿ ಐದು ಕ್ಯಾಂಟನೀಸ್ ಹಾಡುಗಳ ‘ಆಟಿಕೆ’ ಬಂತು. ಚಿಕ್ಕದಾದರೂ ಕ್ಯಾಂಟನೀಸ್‌ನಲ್ಲಿ ಅವರ ಅತ್ಯುತ್ತಮ ಕೆಲಸ ಅದೇ ಎನ್ನುವವರಿದ್ದಾರೆ, ನಾವೂ ಆ ಗುಂಪಿನವರು. ಸಿನಿಪಾಲಿ ಬಿಟ್ಟು ಇಎಂಐ ಎಂಬ ಇನ್ನೊಂದು ಕಂಪನಿ ಸೇರಿದ ಮೇಲೆ ಬಂದ ಆಲ್ಬಂಗಳು ಮ್ಯಾಂಡರಿನ್‌ನವು, ಕ್ಯಾಂಟನೀಸ್ ಹಾಡುಗಳು ಒಂದೆರಡು ಕೊಸರಿನಂತೆ. 2000ದ ಮಾರ್ಚ್‌ನಲ್ಲಿ ಗಿನ್ನೆಸ್ ಸಂಸ್ಥೆ 97 ಲಕ್ಷ ಪ್ರತಿಗಳ ಲೆಕ್ಕ ಹಾಕಿ, ಅತಿ ಹೆಚ್ಚು ಮಾರಾಟವಾದ ಕ್ಯಾಂಟನೀಸ್ ಪಾಪ್ ಗಾಯಕಿ ಎಂದು ಅವರನ್ನು ದಾಖಲಿಸಿತು. ಅದೇ ವರ್ಷದ ‘ನೀತಿಕಥೆ’ ಎಂಬರ್ಥದ ಆಲ್ಬಂನಲ್ಲಿ ಒಂದು ಟ್ಯೂನ್ ಎರಡು ಸಲ ಬರುತ್ತದೆ, ಮೊದಲು ಮ್ಯಾಂಡರಿನ್‌ನಲ್ಲಿ, ಆಮೇಲೆ ಕ್ಯಾಂಟನೀಸ್‌ನಲ್ಲಿ. ಎರಡಕ್ಕೂ ಸಾಹಿತ್ಯ ಲಿನ್ ಶಿ ಅವರದೇ. ಕ್ಯಾಂಟನೀಸ್ ಹಾಡಿನ ಹೆಸರು ‘ನನಗೇ ಬರೆದ ಪ್ರೇಮಪತ್ರ’.